ಪೀಪಾಯಿಯ ಕಲ್ಲು ಮನೆ ಸೇರಿದ ಮೇಲೂ ನಾಲ್ಕನೇ ನಂಬರನ್ನು ನನಗೇ ಉಳಿಸಿಕೊಡುವ ಬಗ್ಗೆ

ಇಂದ,
ರಾದಿಸಾವ್ ತೊಪಾಲೊವಿಚ್, ವಯಸ್ಸು 39, ಡಿಫೆಂಡರ್,
ಖಾಯಂ ವಿಳಾಸ: ಸ್ವಂತ ಮನೆ. ಹಾಲಿ ವಾಸ: ಅದರ ಹಿಂದಿನ ದನದ ಕೊಟ್ಟಿಗೆ,
ಗೋರ್ನ್ಯಾ ಬುಕ್ವಾ ಗ್ರಾಮ, ಸರ್ಬಿಯಾ.

ಗೆ,
ಅಧ್ಯಕ್ಷರು, ಗೋರ್ನ್ಯಾ ಬುಕ್ವಾ ಫುಟ್‌ಬಾಲ್ ಕ್ಲಬ್.

ವಿಷಯ: ಭಾನುವಾರದ ತಂಡದ ಪಟ್ಟಿಯಿಂದ ನನ್ನ ತಾಯಿಯವರ ಹೆಸರನ್ನು ಕೈಬಿಡುವ ಕುರಿತು.

ಉಲ್ಲೇಖ: 1. ನವೆಂಬರ್ 4ರ ಕೋಚ್ ಅವರ ನೋಟಿಸು.
2. ನವೆಂಬರ್ 18ರಂದು ತಾಯಿಯವರು ಹೊಸ್ತಿಲಲ್ಲಿ ನಿಂತು ಹೊರಡಿಸಿದ ಆದೇಶ.

ಮಾನ್ಯರೇ,

1. ನಮ್ಮವರ ಕಾಲಲ್ಲಿ ಕಸುವಿಲ್ಲ, ಹೆಡ್ ಮಾಡಲು ನೆಗೆದರೂ ನೆಲ ಬಿಡುವುದಿಲ್ಲ ಎಂದು ಹೊಸ ಕೋಚ್ ಶ್ರೀ ವುಕಾನ್ ಅವರು ಕಂಡುಕೊಂಡರು. ಕ್ಲಬ್ಬಿನಲ್ಲಿ ತೂಕದ ಸಾಮಾನು ಇಲ್ಲದ ಕಾರಣ ಪ್ರತಿ ಆಟಗಾರನೂ ಮನೆಯಿಂದ ಹದಿನೈದು ಕಿಲೋದ ಒಂದು ಭಾರ ತರತಕ್ಕದ್ದೆಂದು ನೋಟಿಸು ಹಾಕಿದರು.

2. ನವೆಂಬರಿನಲ್ಲಿ ನಮ್ಮ ಮನೆಗಳಲ್ಲಿ ಅಷ್ಟು ತೂಕದ, ಕೈಗೆ ಹದವಾದ ವಸ್ತು ಒಂದೇ: ಚಳಿಗಾಲಕ್ಕೆಂದು ಉಪ್ಪುನೀರಿನಲ್ಲಿ ಹುಳಿಗಿಟ್ಟ ಎಲೆಕೋಸು ಮೇಲೇಳದಂತೆ ಪೀಪಾಯಿಯಲ್ಲಿ ಹೇರುವ ಹೊಳೆಕಲ್ಲು. ಆದ್ದರಿಂದ ಹನ್ನೊಂದು ಮಂದಿಯೂ ಒಬ್ಬರಿಗೊಬ್ಬರು ಹೇಳದೆ ಅದನ್ನೇ ತಂದೆವು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಶ್ರೀ ವುಕಾನ್ ಅವರು ನಮ್ಮ ಶಿಸ್ತು ಕಂಡು ಹಿಗ್ಗಿ, ಎಲ್ಲ ಕಲ್ಲುಗಳಿಗೂ ಒಂದೇ ಬಿಳಿ ಬಣ್ಣ ಬಳಿಸಿದರು.

3. ಎರಡು ವಾರ ಕಲ್ಲನ್ನು ಎದೆಗವುಚಿಕೊಂಡು ಕೂತೆವು, ಎದ್ದೆವು, ಬಿಯರ್ ಕ್ರೇಟುಗಳ ಮೇಲೆ ನೆಗೆದೆವು. ನನ್ನ ನೆಗೆತ ಇಪ್ಪತ್ತೆರಡು ಸೆಂಟಿಮೀಟರಿನಿಂದ ಇಪ್ಪತ್ತಾರಕ್ಕೆ ಏರಿತು. ಸದರಿ ಅವಧಿಯಲ್ಲಿ ಹನ್ನೊಂದು ಮನೆಗಳ ಎಲೆಕೋಸೂ ನೀರಿನಿಂದ ಮೇಲೇರಿ ಕೊಳೆಯಿತು.

4. ನನ್ನ ತಾಯಿ ಸ್ತಾನಿಯಾ ಅವರಿಗೆ ಎಪ್ಪತ್ತೊಂದು ವರ್ಷ. "ಅದು ನಿಮ್ಮಜ್ಜಿ ಹೊಳೆಯಿಂದ ಹೊತ್ತು ತಂದ ಕಲ್ಲು ಕಣೋ. ನಿಕೋಲ ಸಂತರ ಹಬ್ಬಕ್ಕೆ ನಲವತ್ತು ಜನ ಬರ್ತಾರೆ. ಕೋಸಿನೆಲೆ ಇಲ್ದೆ ಅನ್ನಾನ ಯಾವುದ್ರಲ್ಲಿ ಸುತ್ತಲಿ, ನಿನ್ನ ಕಾಲ್ಚೀಲದಲ್ಲಾ? ಕಲ್ಲು ಬರೋವರ್ಗೂ ನೀನೂ ಒಳಗೆ ಬರ್ಬೇಡ" ಎಂದು ಆದೇಶಿಸಿದರು. ಗುರುತು ಸಿಗದ ಕಾರಣ ಕೈಗೆ ಬಂದ ಒಂದನ್ನು ಒಯ್ದೆನು. ಮೂಸಿ ನೋಡಿ, "ಇದು ಯೋವಾಂಕಾ ಮನೇದು. ಅವಳಿಗೆ ಉಪ್ಪು ಹಾಕೋಕೇ ಬರಲ್ಲ" ಎಂದು ತಿರಸ್ಕರಿಸಿದರು.

5. ನಿನ್ನೆ ಅವರೇ ಮೈದಾನಕ್ಕೆ ಬಂದು, ಅಲ್ಲಿ ಉಳಿದಿದ್ದ ಹತ್ತನ್ನೂ ಮೂಸಿ, ನಮ್ಮದನ್ನು ಕಂಕುಳಲ್ಲಿಟ್ಟುಕೊಂಡರು. ಗೇಟಿಗೆ ಬೀಗವಿದ್ದ ಕಾರಣ ಬೇಲಿ ನೆಗೆದು ಹೋದರು. ಕೋಚ್ ಅವರು ಟೇಪು ಹಿಡಿದು ಓಡಿ ಅಳೆದರು. ಅರವತ್ತೊಂದು ಸೆಂಟಿಮೀಟರ್, ಕಲ್ಲಿನ ಸಮೇತ.

6. ಇಂದು ಪಟ್ಟಿಯಲ್ಲಿ ನಾಲ್ಕನೇ ನಂಬರಿನ ಮುಂದೆ ಅವರ ಹೆಸರಿದೆ. ಈ ನಂಬರಿನ ಅಂಗಿ ತೀರಿಹೋದ ನನ್ನ ತಂದೆಯದು. ಅವರ ನಂತರ ಹತ್ತೊಂಬತ್ತು ವರ್ಷ ನಾನು ತೊಟ್ಟಿದ್ದೇನೆ. ಇದು ನನ್ನ ಕೊನೆಯ ವರ್ಷವೆಂಬುದು ನನಗೂ ಗೊತ್ತು.

7. ಕಲ್ಲು ತಂದವನು ನಾನಲ್ಲವಾದ್ದರಿಂದ ನನ್ನ ಕೊಟ್ಟಿಗೆ ವಾಸ ಮುಂದುವರಿದಿದೆ. ಈ ಅರ್ಜಿಯನ್ನು ಇಲ್ಲಿಯವರೆಗೆ ಅಲ್ಲಿಯೇ ಕೂತು ಜೋರಾಗಿ ಓದಿಕೊಳ್ಳುತ್ತ ಬರೆಯುತ್ತಿರುವಾಗ, ಹಾಲು ಕರೆಯಲು ಬಂದ ತಾಯಿಯವರು ಕೇಳಿಸಿಕೊಂಡು, "ನಿಮ್ಮಪ್ಪಂದೂ ನಿಂದೂ ಸೇರಿ ನಲವತ್ತು ವರ್ಷ ಆ ಅಂಗಿ ಒಗ್ದಿದೀನಿ. ಒಂದು ಭಾನುವಾರ ನಾನು ಹಾಕ್ಕೊಂಡ್ರೆ ಸವೆದು ಹೋಗುತ್ತಾ?" ಎಂದರು.

8. ಸದರಿ ಲೆಕ್ಕ ಸರಿಯಿರುವ ಕಾರಣ, ವಿಷಯದಲ್ಲಿ ತಿಳಿಸಿದ ಕೋರಿಕೆಯನ್ನು ಹಿಂಪಡೆದಿರುತ್ತೇನೆ. ಆದ್ದರಿಂದ ಸದರಿಯವರಿಗೆ ಮೂವತ್ತೇಳನೇ ಅಳತೆಯ ಬೂಟು ಒದಗಿಸಬೇಕೆಂದು ಪ್ರಾರ್ಥನೆ.

ಕೊಟ್ಟಿಗೆಯಿಂದ, ತಮ್ಮ ವಿಶ್ವಾಸಿ,
ರಾದಿಸಾವ್

ಲಗತ್ತು: 1. ಯೋವಾಂಕಾ ಅವರ ಕಲ್ಲು.
2. ಕೊಳೆತ ಎಲೆಕೋಸಿನ ಎಲೆ ಒಂದು (ಲಕೋಟೆಯನ್ನು ಬಯಲಿನಲ್ಲಿ ತೆರೆಯುವುದು).

ಷರಾ: ಪಂದ್ಯ ಮುಗಿದ ಮೇಲೆ ಅಂಗಿಯನ್ನು ತಾಯಿಯವರ ಕೈಗೆ ಕೊಡದೆ, ಒಗೆಯಲು ನನಗೆ ಕೊಡಬೇಕಾಗಿ ವಿನಂತಿ.