ಇಬ್ಬರಿಗಾಗಿ ಒಂದು ನೀರಿನ ಯೋಜನೆ

ಮೋಡಣ್ಣ ಒಂದು ಲೋಟ ನೀರು ಕುಡಿಯಲು ಕುರ್ಚಿ ಬಿಟ್ಟು ಎದ್ದದ್ದೇ ತಪ್ಪಾಯಿತು.

ಬೇರೆ ಯಾರಾದರೂ ಆಗಿದ್ದರೆ ಕುಡಿದು ಅರೆ ನಿಮಿಷದಲ್ಲಿ ವಾಪಸು ಬರುತ್ತಿದ್ದರು. ಆದರೆ ಕಚೇರಿಯ ಮಂದಿ ಅವನಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ನೀರಿನ ಕ್ಯಾನು ಗುಳುಗುಳು ಎಂದಿತು, ಒಂದು ಗುಳ್ಳೆ ಮೆಲ್ಲಗೆ ಮೇಲೇರಿತು, ಅದರ ಹಿಂದೆಯೇ ಮೋಡಣ್ಣನ ಮನಸ್ಸೂ ಹೊರಟುಹೋಯಿತು. ಲೋಟ ತುಂಬಿ ಚಪ್ಪಲಿ ಒದ್ದೆಯಾದಾಗಲೇ ಅವನು ಭೂಮಿಗೆ ಇಳಿದದ್ದು.

ಮೂರು ವಾರದಿಂದ ಅವನ ತಲೆಯೊಳಗೆ ಹರಿಯುತ್ತಿದ್ದುದು ಬರೀ ನೀರು. ಹಗಲೆಲ್ಲ ಊರೂರಿಗೆ ನೀರಿನ ಕೊಳವೆಯ ನಕ್ಷೆ ಬರೆಯುವ ಈ ಮನುಷ್ಯ, ಮನೆಗೆ ಹೋದ ಮೇಲೆ ತನ್ನ ಕಂಪ್ಯೂಟರಿನಲ್ಲಿ ಇಲ್ಲದ ಊರುಗಳನ್ನು ಕಟ್ಟುತ್ತಿದ್ದ. ಕಾಲುವೆಗಳೇ ಬೀದಿಗಳಾದ ಊರು, ಮೋಡದ ಮೇಲೆ ಮೆಟ್ಟಿಲಿರುವ ಊರು. ಅಂಥ ಒಂದು ಊರಿನ ಚಿತ್ರ ಮೂಡಿಸುವಷ್ಟರಲ್ಲಿ ಕಂಪ್ಯೂಟರ್ ಕಾದು ಕೆಂಡವಾಗಿ, ಅದರ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಅಬ್ಬರಿಸುತ್ತಿದ್ದವು. ಮನೆಯೆಂದರೆ ಒಂದೇ ಕೋಣೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದವಳಿಗೆ ಬೇಕಾದದ್ದು ನಿದ್ದೆಯೊಂದೇ.

"ಭಾನುವಾರ ಸಂಜೆಯೊಳಗೆ ಅದರ ಬಾಯಿ ಮುಚ್ಚಬೇಕು," ಎಂದಿದ್ದಳು ಅವಳು, ಶಾಂತವಾಗಿ. "ಇಲ್ಲಾಂದ್ರೆ ಸೋಮವಾರ ನನ್ನ ತಮ್ಮ ಬಂದು ತಗೊಂಡು ಹೋಗ್ತಾನೆ. ಅವನ ಮನೇಲಿ ಮೂರು ಕೋಣೆ ಇದೆ."

ಅದಕ್ಕೇ ಈ ಯೋಜನೆ. ಅಬ್ಬರದ ಫ್ಯಾನುಗಳ ಬದಲು ನೀರು. ಪೆಟ್ಟಿಗೆಯೊಳಗೆ ಪುಟ್ಟದೊಂದು ತೊಟ್ಟಿ, ಅಂಗೈಯಗಲದ ಪಂಪು, ಗಾಜಿನಂಥ ಪ್ಲಾಸ್ಟಿಕ್ ಕೊಳವೆಗಳು. ನೀರು ಕಂಪ್ಯೂಟರಿನ ಬಿಸಿ ಮಿದುಳನ್ನು ಸವರಿಕೊಂಡು, ಜಾಲರಿಯೊಂದರಲ್ಲಿ ಕಾವು ಕಳೆದುಕೊಂಡು, ತಣ್ಣಗಾಗಿ ಮತ್ತೆ ತೊಟ್ಟಿಗೆ ಮರಳಬೇಕು. ಸಾಮಾನೆಲ್ಲ ಮನೆಗೆ ಬಂದಾಗಿತ್ತು. ಕೊಳವೆ ಬಗ್ಗಿಸುವುದಷ್ಟೇ ಬಾಕಿ. ಅಂಗಡಿ ಬೋರ್ಡುಗಳಿಗೆ ಪ್ಲಾಸ್ಟಿಕ್ ಅಕ್ಷರ ಬಗ್ಗಿಸುವ ಬೋರ್ಡಿನವನು ಒಪ್ಪಿದ್ದ. ಅವನದು ಒಂದೇ ಷರತ್ತು: ಪ್ರತಿ ತಿರುವಿನ ಅಳತೆಯಿರುವ ನಕ್ಷೆ ಶನಿವಾರ ಸಂಜೆ ಆರರೊಳಗೆ ಕೈಸೇರಬೇಕು, ಭಾನುವಾರ ಬಗ್ಗಿಸಿಕೊಟ್ಟು, ಸೋಮವಾರ ಅವನು ಒಂದು ತಿಂಗಳ ಮಟ್ಟಿಗೆ ಊರಿಗೆ ಹೊರಡುವವನಿದ್ದ.

ಇಂದೇ ಆ ಶನಿವಾರ. ಬೆಳಿಗ್ಗೆಯಿಂದ ಮೋಡಣ್ಣ ಕಚೇರಿಯ ದೊಡ್ಡ ಹಾಳೆಯ ಮೇಲೆ ಆ ನಕ್ಷೆಯನ್ನು ಅಂದವಾಗಿ ಇಳಿಸಿದ್ದ. ಅಳತೆ ಬರೆದಿದ್ದ ಚೀಟಿಗಳನ್ನೆಲ್ಲ ಹರಿದು ಬುಟ್ಟಿಗೆ ಹಾಕಿಯೂ ಆಗಿತ್ತು. ಉಳಿದದ್ದು ಒಂದೇ ಪ್ರಶ್ನೆ, ನೀರಿಗೆ ಯಾವ ಬಣ್ಣ ಹಾಕುವುದು. ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಕಲಕುತ್ತ ಮೇಜಿಗೆ ಮರಳಿದರೆ ಮೇಜು ಖಾಲಿ.

"ಅಮ್ಮಾ, ಇಲ್ಲೊಂದು ಹಾಳೆ ಇತ್ತಲ್ಲ?"

"ತಪಾಸಣೆಗೆ ಕೊಟ್ಟು ಬಂದೆ ಕಣಪ್ಪ," ಎಂದರು ಅಟೆಂಡರಮ್ಮ. ಮೇಜಿನ ಮೇಲೆ ಹರಡಿದ ಹಾಳೆಯೆಂದರೆ ಮುಗಿದ ಕೆಲಸ ಎಂಬುದು ಅವರ ಮೂವತ್ತು ವರ್ಷದ ನಂಬಿಕೆ. "ನೀನು ಮರೀತೀಯ ಅಂತ ನಾನೇ ಎತ್ಕೊಂಡೆ."

ಮೋಡಣ್ಣ ತಪಾಸಣೆಯ ಕಡೆ ಓಡಿದ. ಕಚೇರಿಯ ಹಾಳೆ, ಕಚೇರಿಯ ಸಮಯ, ಸ್ವಂತದ ಕೆಲಸ. ನಿಜ ಹೇಳಿದರೆ ಮೆಮೊ ಖಂಡಿತ. ಅವನ ಹೆಸರಿನಲ್ಲಿ ಈಗಾಗಲೇ ಎರಡಿದ್ದವು: ಒಂದು ಕಿಟಕಿಯಾಚೆ ನೋಡುತ್ತ ಕೂತದ್ದಕ್ಕೆ, ಇನ್ನೊಂದು ಆ ಮೆಮೊ ಓದುವಾಗಲೂ ಕಿಟಕಿಯಾಚೆ ನೋಡಿದ್ದಕ್ಕೆ.

ತಪಾಸಣೆಯ ಹಿರಿಯರನ್ನು ಎಲ್ಲರೂ ಕೆಂಪು ಪೆನ್ನು ಎನ್ನುತ್ತಿದ್ದರು. ಯಾವ ನಕ್ಷೆಯೇ ಬರಲಿ, ಅದು ಎಲ್ಲಿಯದು, ಯಾತಕ್ಕೆ ಎಂದು ಅವರು ಕೇಳಿದವರಲ್ಲ. ತಪ್ಪು ಎಲ್ಲಿದೆ ಎಂಬುದಷ್ಟೇ ಅವರಿಗೆ ಮುಖ್ಯ. ಮೋಡಣ್ಣ ಹೋಗುವಷ್ಟರಲ್ಲಿ ಹಾಳೆ ಅರ್ಧ ಕೆಂಪಾಗಿತ್ತು.

"ಸಾರ್, ಅದು ಇನ್ನೂ ಮುಗಿದಿಲ್ಲ. ವಾಪಸ್ ಕೊಟ್ಟಿದ್ರೆ..."

"ಮುಗಿದಿಲ್ಲ ಅಂತ ನನಗೂ ಕಾಣ್ತಿದೆ ಕಣ್ರೀ. ನೀರು ಖಾಲಿ ಮಾಡೋ ವಾಲ್ವ್ ಎಲ್ಲಿ? ನಾಳೆ ತೊಳೀಬೇಕು ಅಂದ್ರೆ ಏನ್ ಮಾಡ್ತೀರಿ, ಎತ್ತಿ ಬಗ್ಗಿಸ್ತೀರಾ?"

ಮೋಡಣ್ಣ ಹಾಗೆಯೇ ಮಾಡಬೇಕೆಂದಿದ್ದ. ಮೂರು ವಾರದಲ್ಲಿ ಈ ವಾಲ್ವು ಅವನಿಗೆ ಹೊಳೆದೇ ಇರಲಿಲ್ಲ.

"ಅಳತೆ ಯಾವುದರಲ್ಲಿ ಅಂತಾನೂ ಬರೆದಿಲ್ಲ. ನಾನೇ ಮೀಟರ್ ಅಂತ ಹಾಕಿದೀನಿ."

ಕೊನೆಯ ಮಾತು ಮೋಡಣ್ಣನ ಕಿವಿಗೆ ಬೀಳಲಿಲ್ಲ. ಅವನ ಕಣ್ಣೆದುರು ಆ ಪುಟ್ಟ ವಾಲ್ವು ತೆರೆದು, ನೀರು ಸದ್ದಿಲ್ಲದೆ ಒಂದು ಬಟ್ಟಲಿಗೆ ಇಳಿಯುತ್ತಿತ್ತು. ಎಷ್ಟು ಚೆಂದ ಎಂದುಕೊಂಡು ಮೈತಿಳಿಯುವಷ್ಟರಲ್ಲಿ ಅಟೆಂಡರಮ್ಮ ಹಾಳೆ ಹಿಡಿದು ಮೇಲಿನ ಮಹಡಿ ಹತ್ತಿಯಾಗಿತ್ತು.

ಮೇಲಿನ ಮಹಡಿಯಲ್ಲಿ ಪಂಪು ವಿಭಾಗದ ಮೇಡಂ ಕೂರುತ್ತಿದ್ದರು. ಮೋಡಣ್ಣ ಏದುಸಿರು ಬಿಡುತ್ತ ಹೋದಾಗ ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಒಂದೇ ಪಂಪ್ ಇಟ್ಟಿದೀರಲ್ರೀ, ಅದು ಕೆಟ್ರೆ? ಇನ್ನೊಂದು ಸೇರಿಸಿದೀನಿ. ಅದಿರಲಿ, ಈ ನೀರು ಯಾರ ಮನೆಗೂ ಹೋಗ್ತಾನೇ ಇಲ್ಲ. ಸುತ್ತಾಡ್ಕೊಂಡು ಹೊರಟ ಜಾಗಕ್ಕೇ ಬರ್ತಿದೆ."

"ನಮ್ಮ ಫೈಲುಗಳ ಹಾಗೆ," ಎಂದ ಪಕ್ಕದ ಮೇಜಿನ ಟೈಪಿಸ್ಟ್, ತಲೆ ಎತ್ತದೆ.

"ನೀವು ಸುಮ್ನಿರಿ. ಇದು ಎಷ್ಟು ಜನಕ್ಕೆ?"

ಸುಳ್ಳು ಹೇಳಲು ಚುರುಕುತನ ಬೇಕು. "ಇಬ್ಬರಿಗೆ ಮೇಡಂ," ಎಂದುಬಿಟ್ಟ ಮೋಡಣ್ಣ.

ಟೈಪಿಂಗ್ ನಿಂತಿತು. ಮೇಡಂ ಅಳತೆಯನ್ನು ಮತ್ತೊಮ್ಮೆ ಓದಿದರು. "ಮುನ್ನೂರ ಅರವತ್ತು ಮೀಟರ್ ಜಾಲರಿ, ಬರೀ ಇಬ್ಬರಿಗಾ?" ಆಮೇಲೆ ದನಿ ತಗ್ಗಿಸಿದರು. "ಯಾರ ಮನೇದು ಅಂತ ನಾನು ಕೇಳಲ್ಲ ಬಿಡಿ."

"ಮೇಡಂ, ಅದು ಬಾಡಿಗೆ ಮನೆ..."

"ಕೇಳಲ್ಲ ಅಂದ್ನಲ್ಲ." ಅವರು ಹಾಳೆಗೆ 'ಅತಿ ತುರ್ತು' ಎಂಬ ಚೀಟಿ ಅಂಟಿಸಿ, ತಾವೇ ಎದ್ದು ಹೋಗಿ ದೊಡ್ಡ ಸಾಹೇಬರ ಕೋಣೆಯೊಳಗೆ ಇಟ್ಟು ಬಂದರು. ಸಾಹೇಬರು ಸಭೆಯಲ್ಲಿದ್ದರು. ಬಾಗಿಲಿಗೆ ಬೀಗ ಬಿತ್ತು.

ನಾಲ್ಕು ಗಂಟೆಗೆ ಕಚೇರಿಯ ತುಂಬ ಸುದ್ದಿ. ಇಬ್ಬರಿಗೋಸ್ಕರ ಒಂದೂರಿನಷ್ಟು ನೀರು ತರಿಸಿಕೊಳ್ಳುವ ಯಾರೋ ಭಾರಿ ಕುಳ, ಮೋಡಣ್ಣನಿಗೆ ತೀರಾ ಬೇಕಾದವರಂತೆ. ನಿನ್ನೆಯವರೆಗೆ ಅವನ ಕಡೆ ತಿರುಗಿಯೂ ನೋಡದ ಗುಮಾಸ್ತನೊಬ್ಬ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ನನ್ನ ತಂಗಿ ಗಂಡನ ವರ್ಗಾವಣೆ ವಿಷಯ ಸ್ವಲ್ಪ ಅವರ ಕಿವಿಗೆ ಹಾಕಿ ಸಾರ್."

"ಯಾರ ಕಿವಿಗೆ?"

"ಅದೇ, ಆ ಇಬ್ಬರಲ್ಲಿ ಯಾರಿಗಾದ್ರೂ."

ಆ ಇಬ್ಬರಲ್ಲಿ ಒಬ್ಬನಾದ ಮೋಡಣ್ಣ ಆಗಲಿ ಎಂದು ತಲೆಯಾಡಿಸಿ ಗಡಿಯಾರ ನೋಡಿದ. ಐದಾಗುತ್ತ ಬಂದಿತ್ತು. ನಕ್ಷೆ ಹೋದರೆ ಕೊಳವೆ ಇಲ್ಲ, ಕೊಳವೆ ಇಲ್ಲದಿದ್ದರೆ ಸೋಮವಾರದಿಂದ ಅವನ ಊರುಗಳೆಲ್ಲ ಭಾವಮೈದುನನ ಪಾಲು. ಆ ಯೋಚನೆಗೆ ಅವನಿಗೆ ನಿಜವಾಗಿಯೂ ಅಳು ಬಂತು.

ಐದೂಕಾಲಿಗೆ ಸಾಹೇಬರಿಂದ ಕರೆ ಬಂತು.

"ಬಾಗಿಲು ಹಾಕಿ ಕೂತ್ಕೊಳ್ಳಿ," ಎಂದರು ಸಾಹೇಬರು. ಹಾಳೆ ಅವರ ಮುಂದೆ ಹರಡಿತ್ತು. ಮೂರನೆಯ ಮೆಮೊಗೆ ಮನಸ್ಸು ಗಟ್ಟಿ ಮಾಡಿಕೊಂಡು ಮೋಡಣ್ಣ ಕೂತ. ಸಾಹೇಬರು ಪೆನ್ಸಿಲ್ಲಿನಿಂದ ಕೊಳವೆಯ ದಾರಿ ಹಿಡಿದು ಮೆಲ್ಲಗೆ ಒಂದು ಸುತ್ತು ಹೋಗಿ ಬಂದರು. 'ಮೀಟರ್' ಎಂಬುದನ್ನು ಹೊಡೆದು 'ಮಿಲಿಮೀಟರ್' ಎಂದು ತಿದ್ದಿದರು. ಆಮೇಲೆ ಕೇಳಿದರು:

"ನೀರಿಗೆ ಯಾವ ಬಣ್ಣ ಹಾಕ್ಬೇಕು ಅಂತಿದೀರಿ?"

ದಿನವಿಡೀ ಎಲ್ಲರೂ ವಾಲ್ವು ಕೇಳಿದರು, ಪಂಪು ಕೇಳಿದರು. ಇದನ್ನು ಕೇಳಿದವರು ಇವರೊಬ್ಬರೇ.

"ಬೆಳಕು ಹರಿಯೋಕೆ ಮುಂಚೆ ಆಕಾಶ ಇರುತ್ತಲ್ಲ ಸಾರ್, ಆ ನೀಲಿ."

"ಒಳಗೊಂದು ಸಣ್ಣ ದೀಪ ಇಟ್ರೆ?"

"ನೀರು ಹರಿಯೋದು ಗೋಡೆ ಮೇಲೆ ಕಾಣುತ್ತೆ ಸಾರ್."

ಇಬ್ಬರೂ ಸ್ವಲ್ಪ ಹೊತ್ತು ಸಾಹೇಬರ ಕೋಣೆಯ ಗೋಡೆ ನೋಡಿದರು. ಅಲ್ಲಿ ನೀಲಿ ನೀರು ಹರಿಯುತ್ತಿತ್ತು. ಸಾಹೇಬರ ಮನೆಯಲ್ಲೂ ಇಂಥದೇ ಪೆಟ್ಟಿಗೆಯ ಕಂಪ್ಯೂಟರ್ ಇದೆಯಂತೆ, ಅವರು ರಾತ್ರಿ ಅದರಲ್ಲಿ ವಿಮಾನ ಹಾರಿಸುವ ಆಟ ಆಡುತ್ತಾರಂತೆ, ಅದರ ಅಬ್ಬರಕ್ಕೆ ಹೆಂಡತಿಯಿಂದ ಬೈಸಿಕೊಳ್ಳುತ್ತಾರಂತೆ, ಸಾಮಾನು ತಂದಿಟ್ಟು ಎರಡು ವರ್ಷವಾದರೂ ಕೊಳವೆಯ ದಾರಿಯೇ ಹೊಂದುತ್ತಿರಲಿಲ್ಲವಂತೆ. ಮೋಡಣ್ಣ ಮೈಮರೆತು ಎಲ್ಲ ಹೇಳಿದ, ಪ್ರತಿ ತಿರುವನ್ನೂ, ಬೋರ್ಡಿನವನ ಫೋನ್ ನಂಬರನ್ನೂ. ಸಾಹೇಬರು ಆಗಲೇ ಬೋರ್ಡಿನವನಿಗೆ ಫೋನ್ ಹಚ್ಚಿ ಮಾತಾಡಿದರು. ಮೋಡಣ್ಣನ ಎದೆಯ ಮೇಲಿನ ಭಾರ ಇಳಿಯಿತು.

ಸಾಹೇಬರು ಹಾಳೆಯ ಮೂಲೆಗೆ ಸಹಿ ಹಾಕಿ, ಸುರುಳಿ ಸುತ್ತಿ, ತಮ್ಮ ಚೀಲಕ್ಕೆ ಇಳಿಸಿದರು.

"ನಾಳೆ ಒಂಬತ್ತಕ್ಕೆ ನಮ್ಮನೆಗೆ ಬಂದ್ಬಿಡಿ. ಬೋರ್ಡಿನವರೂ ಬರ್ತಾರೆ. ಸಂಜೆವರೆಗೂ ಬೇರೆ ಕೆಲಸ ಹಿಡೀಬೇಡಿ ಅಂದಿದೀನಿ."

"ಸಾರ್, ಆ ನಕ್ಷೆ... ನನ್ನದೂ ಒಂದಿದೆ ಮನೇಲಿ."

"ನಿಮ್ಮದಕ್ಕೆ ಇನ್ನೊಂದು ಬರೀರಿ. ತಪಾಸಣೆ, ಪಂಪು ವಿಭಾಗ, ಎಲ್ಲಾ ಕ್ರಮವಾಗಿ ಬರ್ಲಿ," ಎಂದು ಸಾಹೇಬರು ಪ್ರೀತಿಯಿಂದ ಅವನ ಭುಜ ತಟ್ಟಿದರು. "ನನ್ನ ಹತ್ರ ಬಂದ್ಮೇಲೆ ಒಂದು ದಿನಾನೂ ತಡ ಮಾಡಲ್ಲ."

ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನ್ ಬಂತು.

"ನಕ್ಷೆ ಏನಾಯ್ತು?"

"ಮಂಜೂರಾಯ್ತು," ಎಂದ ಮೋಡಣ್ಣ.

"ಅಂದ್ರೆ ನಾಳೆನೇ ಜೋಡಿಸ್ತೀರಾ? ಸಂಜೆಯೊಳಗೆ ಸದ್ದು ನಿಲ್ಲುತ್ತಾ?"

"ಒಂಚೂರೂ ಇರಲ್ಲ."

"ನಿಜವಾಗ್ಲೂ?"

"ನಿಜ," ಎಂದ ಅವನು, ಕೊನೆಯ ಮೆಟ್ಟಿಲ ಮೇಲೆ ಕೂರುತ್ತ. "ನಾಳೆಯಿಂದ ನಮ್ಮ ಸಾಹೇಬರ ಹೆಂಡತಿ ಹಾಯಾಗಿ ನಿದ್ದೆ ಮಾಡ್ತಾರೆ."