ಎಡಗೈಯ ಕೆಂಪು ಬಾಳೆಹಣ್ಣು

ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕಳೆದವನು ಎಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ಗಾಜಿನ ಕೊಳವೆ ತೊಳೆಯುವವನು ಎಂದು ಗೊತ್ತಾದರೆ ಅದೇ ಕುರ್ಚಿ ವಾಪಸ್ ಹೋಗುತ್ತದೆ. ಆದರೂ ತೊಳೆಯುವವನ ಕಿವಿಗೂ ನಾಲ್ಕು ಮಾತು ಬೀಳುತ್ತವೆ. ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಆಳೆತ್ತರದ ಅಯಸ್ಕಾಂತದ ಯಂತ್ರವಿದೆ, ಎನ್‌ಎಮ್‌ಆರ್ ಎನ್ನುತ್ತಾರೆ. ಕೊಳವೆಯಲ್ಲಿ ದ್ರಾವಣ ತುಂಬಿ ಇಳಿಬಿಟ್ಟರೆ ಅದರೊಳಗಿನ ಅಣುಗಳ ಗುರುತನ್ನು ಗೆರೆಯಾಗಿ ಬರೆಯುತ್ತದೆ. ಕೆಲವು ಅಣುಗಳು ಎಡಗೈ ಬಲಗೈ ಇದ್ದಂತೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಎರಡಕ್ಕೂ ಯಂತ್ರ ಎಳೆಯುವುದು ಒಂದೇ ಗೆರೆ. “ಇಷ್ಟು ದೊಡ್ಡ ಮಷೀನಿಗೂ ಗೊತ್ತಾಗಂಗಿಲ್ಲೇನ್ರಿ ಮೇಡಂ?” ಎಂದು ಯಂತ್ರ ನಡೆಸುವ ಮೇಡಂ ಅವರನ್ನು ಒಮ್ಮೆ ಕೇಳಿದೆ. “ಇಲ್ಲ ಶರಣಪ್ಪ. ಬಲಗೈಯಂಥಾ ಮೂರನೇ ಅಣು ಒಂದು ಕೂಡಿಸಬೇಕು. ಅದು ಇಬ್ಬರ ಕೈನೂ ಹಿಡದು ನೋಡ್ತದ. ಒಬ್ಬರದು ಸರಿ ಕೂಡ್ತದ, ಇನ್ನೊಬ್ಬರದು ಕೂಡಂಗಿಲ್ಲ. ಆಗ ಒಂದ ಗೆರಿ ಎರಡಾಗ್ತದ” ಎಂದರು.

ನಾನೂ ಅಣ್ಣ ಶಿವಣ್ಣನೂ ಅವಳಿಜವಳಿ. ಅವನು ಎಡಚ, ನಾನು ಬಲಗೈಯವನು. ನೋಡಿದವರಿಗೆ ಮಾತ್ರ ಒಂದೇ ಗೆರೆ. ಶಾಲೆಯಲ್ಲಿ ಅವನ ಪಾಲಿನ ಏಟನ್ನೂ ನಾನೇ ತಿಂದಿದ್ದೇನೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ. ಎರಡು ತಿಂಗಳ ಹಿಂದೆ ತೀರಿಕೊಂಡ. ಅವನ ಹೆಂಡತಿ, ನಮ್ಮ ವೈನಿಗೆ, ಆಸರೆಯಾಗಲೆಂದು ಪ್ರತಿ ರವಿವಾರ ನಾನು ಆ ಅಂಗಡಿಯಲ್ಲಿ ಕೂರುತ್ತೇನೆ. ಗಿರಾಕಿಗಳು ಮೊದಮೊದಲು ಬೆಚ್ಚುತ್ತಿದ್ದರು. ಈಗ ಚೌಕಾಶಿ ಮಾಡುವಷ್ಟು ಧೈರ್ಯ ಬಂದಿದೆ.

ಹೋದ ವಾರ ಮಾಂತಮ್ಮ ಎಂಬ ವಯಸ್ಸಾದ ಗಿರಾಕಿ ಬಂದರು. ಆರು ತಿಂಗಳು ಮಗಳ ಊರಿನಲ್ಲಿದ್ದು ಬಂದವರಿಗೆ ಸುದ್ದಿ ಮುಟ್ಟಿರಲಿಲ್ಲ. “ಶಿವಣ್ಣಾ, ಭಾಳ ಸೊರಗಿದೆಲ್ಲೋ!” ಎಂದರು. ಹೇಳಲು ಬಾಯಿ ತೆರೆದೆ. ಹೇಳಿದರೆ ಅವನು ಇನ್ನೊಮ್ಮೆ ಸಾಯಬೇಕಾಗುತ್ತದೆ. ಇವರು ಹಣ್ಣು ಕೊಂಡು ಹೋಗುವ ತನಕವಾದರೂ ಬದುಕಿರಲಿ ಎಂದು “ಹೂಂ ಆಯಿ” ಎಂದುಬಿಟ್ಟೆ. ಎರಡು ಹಣ್ಣು ಮುರಿದು, ಬಲಗೈಗೆ ಎಡಗೈ ಮುಟ್ಟಿಸಿ, ಮರ್ಯಾದೆಯಿಂದ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಕೈಯನ್ನೇ ನೋಡಿದರು.

“ನೀ ಅವನ ತಮ್ಮ. ಶಿವಣ್ಣ ಯಾವಾಗ ಹೋದಾ?”

“ಎರಡ ತಿಂಗಳಾತು, ಆಯಿ.”

“ಬಲಗೈಲೆ ಕೊಡೋ ಅಂತ ಇಪ್ಪತ್ತ ವರ್ಷ ಬೈದೀನಿ. ಒಂದ ದಿನಾನೂ ಕೊಡಲಿಲ್ಲ ನೋಡು, ಮೂಳ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರನೆಯ ಅಣುವಿನ ಪಾಠ ಕೇಳಿಯೂ ಬರೀ ಮುಖ ನಂಬಿ ಕೂತ ನನ್ನ ಜಾಣತನಕ್ಕೆ ಏನೆನ್ನಲಿ! ಹಣ್ಣನ್ನು ಎಡಗೈಗೆ ಬದಲಿಸಿ ಚಾಚಿದೆ. “ಎಡಗೈಲೆ ಕೊಡ್ತಾರೇನೋ, ಬುದ್ಧಿಗೇಡಿ!” ಎಂದು ಬೈದು ಕಸಿದುಕೊಂಡರು. ಬೈಗುಳ ಅವನ ಪಾಲಿನದು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಿತು.

ಬರುವ ರವಿವಾರವೂ ಬರುತ್ತೇನೆಂದಿದ್ದಾರೆ. ಎಡಗೈಯನ್ನು ಈಗಿನಿಂದಲೇ ರೂಢಿ ಮಾಡುತ್ತಿದ್ದೇನೆ. ಲ್ಯಾಬಿನಲ್ಲಿ ಈಗಾಗಲೇ ಮೂರು ಕೊಳವೆ ಒಡೆದಿವೆ.