ತುಂಬಿದ ಮೇಲೆ ಹೊರಡುವ ವಿಮಾನ

ಕಣ್ಣಿಂದ ನೋಡದ್ದನ್ನು ಬರೆಯಬಾರದು, ಅಳೆಯದ್ದನ್ನು ಹೇಳಬಾರದು ಎಂಬುದು ನನ್ನ ಕಸುಬು ಕಲಿಸಿದ ಅಭ್ಯಾಸ. ಸುರಪುರ ತಾಲ್ಲೂಕಿನಲ್ಲಿ ಇಪ್ಪತ್ತಾರು ವರ್ಷದಿಂದ ಹೊಲ ಅಳೆಯುತ್ತಿರುವ ಸರ್ವೇಯರ್ ನಾನು. ಬದುವಿನ ಕಲ್ಲು ಕಾಣದಿದ್ದರೆ ‘ಪಕ್ಕದ ಹೊಲದವನು ಕಿತ್ತು ಹಾಕಿದ್ದಾನೆ’ ಎಂದು ನಾನು ಬರೆಯುವುದಿಲ್ಲ. ‘ಕಲ್ಲು ಸ್ಥಳದಲ್ಲಿ ಕಂಡುಬಂದಿಲ್ಲ’ ಎಂದಷ್ಟೇ ಬರೆಯುತ್ತೇನೆ. ಆದ್ದರಿಂದ ಕಲಬುರಗಿಯಿಂದ ಬೆಳಗಾವಿಗೆ ಹಾರಿಸುತ್ತೇವೆಂದು ನನಗೆ ಟಿಕೆಟ್ ಕೊಟ್ಟ ಆ ಹೊಸ ವಿಮಾನ ಕಂಪನಿಯ ಬಗ್ಗೆಯೂ ಕೆಟ್ಟ ಮಾತಾಡುವುದಿಲ್ಲ. ವಿಮಾನವು ಸ್ಥಳದಲ್ಲಿ ಕಂಡುಬಂದಿಲ್ಲ. ಅಷ್ಟೇ.

ಬೆಳಗಾವಿಯಲ್ಲಿರುವುದು ನನ್ನ ತಂಗಿ ನೀಲಮ್ಮ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಸಿರಾಗಿದ್ದಳು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ತವರಿಗೆ ಕರೆತರುವಂತಿರಲಿಲ್ಲ. ತವರೇ ಅವಳ ಮನೆಗೆ ಹೋಗಿ ಏಳನೇ ತಿಂಗಳಿನ ಕುಬಸ, ಅಂದರೆ ಸೀಮಂತ, ಮಾಡಬೇಕಿತ್ತು. ತಂದೆತಾಯಿ ಇಲ್ಲದ ಅವಳಿಗೆ ತವರೆಂದರೆ ನಾನು ಮತ್ತು ನನ್ನ ಹೆಂಡತಿ ಶಾಂತಾ. ನಮ್ಮ ಕೈಯ ಹಸಿರು ಸೀರೆ ಉಟ್ಟು ಅವಳು ಮಣೆಯ ಮೇಲೆ ಕೂರಬೇಕು. ಸಂಜೆ ನಾಲ್ಕಕ್ಕೆ ಮುಹೂರ್ತ.

ಶಾಂತಾ ಹಿಂದಿನ ರಾತ್ರಿಯೇ ಬಸ್ಸಿನಲ್ಲಿ ಹೊರಟಳು. ಹೊರಡುವಾಗ ಸೀರೆಯನ್ನು ತನ್ನ ಕೈಗೆ ಕೊಡಿ ಎಂದಳು. ನಾನು ಕೊಡಲಿಲ್ಲ. ಬಸ್ಸಿನಲ್ಲಿ ಮಡಿಕೆ ಕೆಡುತ್ತದೆ ಎಂದೆ. ಅದು ನಿಜವಾದ ಕಾರಣವಲ್ಲ. ನೀಲಮ್ಮನ ಮದುವೆಯಲ್ಲಿ ಅವಳ ಅತ್ತೆ, “ನಿಮ್ಮೂರು ಭಾಳ ಒಳಗೈತ್ರಿ” ಎಂದಿದ್ದರು. ಊರು ಎಷ್ಟು ಒಳಗಿದೆ ಎಂದು ಅವರು ಅಳೆದಿರಲಿಲ್ಲ, ಆದರೂ ಒಂಬತ್ತು ವರ್ಷ ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಅಣ್ಣ ವಿಮಾನದಲ್ಲಿ ಸೀರೆ ತಂದ ಎಂದು ಅದೇ ಅತ್ತೆಯ ಬಾಯಿಂದ ಕೇಳಬೇಕೆಂಬುದು ನನ್ನ ಆಸೆ.

ಬೆಳಗಾವಿ ಸುರಪುರದ ಪಶ್ಚಿಮಕ್ಕಿದೆ. ನಕ್ಷೆ ಓದಿ ಸಂಬಳ ತೆಗೆದುಕೊಳ್ಳುವ ನಾನು ಅಲ್ಲಿಗೆ ಹೋಗಲು ಬೆಳಗಿನ ಆರಕ್ಕೆ ಉತ್ತರ ದಿಕ್ಕಿಗೆ ಹೊರಟೆ. ಶಹಾಪುರದಲ್ಲಿ ಕ್ರೂಸರ್ ಜೀಪು ಬದಲಿಸಿದಾಗ ಪಕ್ಕದಲ್ಲಿ ಕೂತವರು ಹತ್ತಿಕಾಳಿನ ವ್ಯಾಪಾರಿ ಶರಣಪ್ಪನವರು. ಅವರೂ ಅದೇ ವಿಮಾನಕ್ಕೆ. ಹತ್ತೂವರೆಗೆ ನಿಲ್ದಾಣ ಮುಟ್ಟಿದೆವು. ವಿಮಾನ ಹನ್ನೊಂದು ಇಪ್ಪತ್ತಕ್ಕೆ.

ಹನ್ನೊಂದಕ್ಕೆ ಮೊಬೈಲಿಗೆ ಸಂದೇಶ ಬಂತು: ಹನ್ನೆರಡು ಐದಕ್ಕೆ ಹೊರಡುತ್ತದೆ. ಹನ್ನೆರಡಕ್ಕೆ ಇನ್ನೊಂದು: ಹನ್ನೆರಡು ಐವತ್ತೈದಕ್ಕೆ. ಆ ಐದೈದು ನಿಮಿಷದ ಲೆಕ್ಕ ನೋಡಿ ನನಗೆ ಗೌರವವೇ ಹುಟ್ಟಿತು. ನಮ್ಮ ಇಲಾಖೆಯಲ್ಲಿ ‘ಮುಂದಿನ ವಾರ ಬರ್ರಿ’ ಎನ್ನುತ್ತೇವೆ. ಇವರು ನಿಮಿಷ ಹಿಡಿದು ಸುಳ್ಳು ಹೇಳುತ್ತಾರೆ. ಕೌಂಟರಿನಲ್ಲಿ ನೀಲಿ ಕೋಟಿನ ಹುಡುಗಿಯೊಬ್ಬಳು ಕಾರ್ಯಾಚರಣೆಯ ಕಾರಣ ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದಳು.

ಶರಣಪ್ಪನವರಿಗೆ ಸಿಟ್ಟೇ ಇರಲಿಲ್ಲ. ಅವರು ಕಾದಿದ್ದ ಜನರನ್ನು ಬೆರಳು ಮಾಡಿ ಎಣಿಸಿದರು. ಏಳು. ವಿಮಾನದಲ್ಲಿ ಹತ್ತೊಂಬತ್ತು ಸೀಟು. ತಕ್ಷಣ ಅವರ ಮುಖ ತಿಳಿಯಾಯಿತು. “ಸರ್ವೇಯರ್ ಸಾಹೇಬ್ರ, ಇದರಾಗ ತಿಳೀಲಾರದ್ದು ಏನದ? ಸೀಟ ತುಂಬಿಲ್ಲ, ಗಾಡಿ ಬಿಟ್ಟಿಲ್ಲ” ಎಂದರು.

ನಮ್ಮ ಕಡೆಯ ಕ್ರೂಸರ್ ಗಾಡಿಗಳನ್ನು ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಶಹಾಪುರದ ಸ್ಟ್ಯಾಂಡಿನಲ್ಲಿ ಯಾದಗಿರಿ ಗಾಡಿ ಯಾವಾಗ ಹೊರಡುತ್ತದೆ ಎಂದರೆ ತುಂಬಿದಾಗ. ಡ್ರೈವರ್ ಇಂಜಿನ್ ಚಾಲೂ ಇಟ್ಟು ಗಾಡಿಯನ್ನು ಎರಡು ಮಾರು ಮುಂದೆ ತರುತ್ತಾನೆ, ಕೂತವರಿಗೆ ಜೀವ ಬರುತ್ತದೆ. ಮತ್ತೆ ಎರಡು ಮಾರು ಹಿಂದಕ್ಕೆ ಒಯ್ಯುತ್ತಾನೆ. ಹನ್ನೆರಡು ಐದು, ಹನ್ನೆರಡು ಐವತ್ತೈದು ಎಂಬುದೂ ಹಾಗೆಯೇ. ಕ್ರೂಸರಿನಲ್ಲಿ ಕೂತ ಜನ ಬೇಸತ್ತಾಗ ತಾವೇ ಇಳಿದು ಗಿರಾಕಿ ಕರೆಯುತ್ತಾರೆ. ಶರಣಪ್ಪನವರೂ ಎದ್ದು ಕೌಂಟರಿಗೆ ಹೋಗಿ, “ತಂಗಿ, ಹನ್ನೆರಡ ಸೀಟ ಕಮ್ಮಿ ಅದಾವಲ್ಲ? ನೀ ಚಿಂತಿ ಮಾಡಬ್ಯಾಡ, ನಾವ ತುಂಬಸ್ತೀವಿ” ಎಂದರು. ಹುಡುಗಿ ಕಾರ್ಯಾಚರಣೆಯ ಕಾರಣ ಎಂದಳು.

ಅವರು ಫೋನು ಹಚ್ಚಿದರು. ಕಲಬುರಗಿಯ ಅಡತಿ ದಲಾಲರ ಅಂಗಡಿಯಿಂದ ಶುರುವಾಗಿ ಬೀಗರು, ಬೀಗರ ಬೀಗರವರೆಗೆ, ಬೆಳಗಾವಿಗೆ ಯಾರಾದರೂ ಹೋಗುವವರಿದ್ದೀರೇನು, ಗಾಡಿ ತಯಾರಿದೆ ಎಂದು ವಿಚಾರಿಸಿದರು. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಗಂಟೆ ಒಂದಾಗಿತ್ತು, ನಾಲ್ಕರ ಮುಹೂರ್ತಕ್ಕೆ ಮೂರೇ ತಾಸು ಉಳಿದಿತ್ತು. ನಾನೂ ಫೋನು ತೆಗೆದೆ. ಕಲಬುರಗಿಯಲ್ಲಿರುವ ನಮ್ಮ ಕಚೇರಿಯ ನಿವೃತ್ತ ಶಿರಸ್ತೇದಾರರ ಮಗಳನ್ನು ಬೆಳಗಾವಿಗೆ ಕೊಟ್ಟಿದ್ದಾರೆಂಬುದು ನೆನಪಾಯಿತು. ಮಗಳನ್ನು ನೋಡಿ ಎಷ್ಟು ದಿನವಾಯಿತು ಎಂದು ಕೇಳಿದೆ. ಅವರು ಆಗಲೇ ಹೆಂಡತಿಯನ್ನು ಕೂಗಿ ಕರೆದರು. ಅಳೆಯದ ಒಂದು ಗೇಣಿಗೂ ಸಹಿ ಹಾಕದ ನಾನು, ಕಣ್ಣಿಂದ ನೋಡದ ವಿಮಾನದಲ್ಲಿ ಇಬ್ಬರಿಗೆ ಸೀಟು ಹೊಂದಿಸಿದೆ. ಅವರು ಅವಸರದಲ್ಲಿ ಟಿಕೆಟ್ ತೆಗೆಸಿಕೊಂಡು, ಹೆಂಡತಿಯ ಸಮೇತ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಆಟೊ ಇಳಿದರು. ಶರಣಪ್ಪನವರ ಕಡೆಯಿಂದ ನಾಲ್ವರು ಬಂದರು. ಒಂದೂ ಮುಕ್ಕಾಲಿಗೆ ನಾವು ಹದಿಮೂರು ಜನವಾಗಿದ್ದೆವು.

ಶರಣಪ್ಪನವರು ಎಲ್ಲರನ್ನೂ ಕೌಂಟರಿನ ಮುಂದೆ ಸಾಲಾಗಿ ನಿಲ್ಲಿಸಿದರು. ಉಳಿದ ಆರು ಸೀಟಿನ ಮಾತು ದಾರಿಯಲ್ಲಿ ನೋಡೋಣ, ಇಷ್ಟರ ಮೇಲೆ ಬಿಡು ಎಂದು ಹುಡುಗಿಗೆ ಹೇಳಿದರು. ಅವಳು ನಮ್ಮ ಸಾಲನ್ನು ನೋಡಿದಳು, ಹೋಳಿಗೆಯ ಡಬ್ಬಿಯನ್ನು ನೋಡಿದಳು. ಕಾರ್ಯಾಚರಣೆ ಎಂಬ ಶಬ್ದ ಅವಳ ಬಾಯಿಗೆ ಬರಲಿಲ್ಲ.

“ಕಾಕಾ, ನೀವು ಐವತ್ತ ಮಂದಿ ತಂದರೂ ಅಷ್ಟರಿ. ಕಂಪನಿಗಿ ಇರೋದು ಒಂದ ವಿಮಾನ. ಅದು ಕೆಟ್ಟು ಬ್ಯಾರೆ ಊರಾಗ ನಿಂತದ. ನಂಗೂ ಮುಂಜಾನಿಂದ ಗೊತ್ತಿತ್ತು, ಹೇಳಬ್ಯಾಡ ಅಂದಿದ್ರು” ಎಂದಳು.

ಶಿರಸ್ತೇದಾರರು ನನ್ನ ಕಡೆ ನೋಡಿದರು. ಆ ನೋಟವನ್ನು ವರ್ಣಿಸುವುದಿಲ್ಲ. ರಸ್ತೆಯ ಮೇಲೆ ಬೆಳಗಾವಿ ಅಲ್ಲಿಂದ ಎಂಟು ತಾಸು. ಶಾಂತಾಳಿಗೆ ಫೋನು ಮಾಡಿದೆ. ನೀಲಮ್ಮ ತಲೆಗೆ ನೀರು ಹಾಕಿಕೊಂಡು ಹಳೇ ಸೀರೆಯಲ್ಲಿ ಬಾಗಿಲಲ್ಲೇ ಕೂತಿದ್ದಾಳೆ, ಅಣ್ಣ ಬಂದ ಮೇಲೆಯೇ ಏಳುತ್ತೇನೆ ಎನ್ನುತ್ತಾಳೆ ಎಂದು ಶಾಂತಾ ಹೇಳಿದಳು. ನಾನು ಇದ್ದದ್ದನ್ನು ಹೇಳಿದೆ. “ಆತು, ಇಡ್ರಿ ಫೋನು” ಎಂದಳು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಮನೆ ಮುಟ್ಟಿದಾಗ ನೀಲಮ್ಮ ಹೊಸ ಅರಿಶಿನ ಬಣ್ಣದ ಸೀರೆಯಲ್ಲಿದ್ದಳು. ಶಾಂತಾ ತಾನು ಉಡಬೇಕೆಂದು ಒಯ್ದಿದ್ದ ಸೀರೆ ಅದು. ಇಳಕಲ್ಲಿನ ರವಿಕೆ ಕಣವೊಂದನ್ನು ಅದರ ಮೇಲಿಟ್ಟು, ನಮ್ಮ ಕಡೆ ಕುಬಸಕ್ಕೆ ಅರಿಶಿನ ಬಣ್ಣವೇ ಶ್ರೇಷ್ಠ ಎಂದು ಹೇಳಿ, ಸರಿಯಾಗಿ ನಾಲ್ಕಕ್ಕೆ ಉಡಿ ತುಂಬಿದ್ದಳಂತೆ. ತಾನು ಮಾತ್ರ ಬಸ್ಸಿನಲ್ಲಿ ಮುದುಡಿದ ಸೀರೆಯಲ್ಲೇ ಓಡಾಡಿದ್ದಳಂತೆ. ಅತ್ತೆ ನನಗೆ ನೀರು ಕೊಟ್ಟು, “ತವರಿನವರು ನಿನ್ನೇನೇ ಬಂದು ಎಲ್ಲಾ ಚಂದ ಮಾಡ್ಯಾರ್ರೀ. ನೀವ್ಯಾಕ ತ್ರಾಸ ತಗೊಂಡ್ರಿ?” ಎಂದರು. ಕುಹಕವೋ ಕನಿಕರವೋ ಎಂಬುದನ್ನು ನಾನು ಅಳೆಯಲಾರೆ.

ಈಗ ನೀಲಮ್ಮನಿಗೆ ಮಗಳು ಹುಟ್ಟಿದ್ದಾಳೆ. ಬರುವ ತಿಂಗಳು ತೊಟ್ಟಿಲ ಶಾಸ್ತ್ರ. ಆ ಕಂಪನಿ ವಿಷಾದ ಸೂಚಿಸಿ, ಅದೇ ಮಾರ್ಗದಲ್ಲಿ ಒಂದು ಉಚಿತ ಪ್ರಯಾಣದ ಕೂಪನ್ ಕಳಿಸಿದೆ. ನಿನ್ನೆ ಅದನ್ನು ಮೊಬೈಲಿನಲ್ಲಿ ತೆರೆದು ನೋಡುತ್ತಿದ್ದಾಗ ಶಾಂತಾ ಹಿಂದೆ ಬಂದು ನಿಂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ನೀವು ವಿಮಾನದಾಗ ಬರ್ರಿ. ತೊಟ್ಟಿಲಾ, ಉಂಗುರಾ ಎಲ್ಲಾ ನಾ ಬಸ್ಸಿನಾಗ ಒಯ್ತೀನಿ. ನೀವು ಬರದಿದ್ರೂ ನಡೀತದ ಅನ್ನೋದು ಈಗ ಎಲ್ಲಾರಿಗೂ ಗೊತ್ತಾಗ್ಯದ” ಎಂದಳು.

ಅವಳು ಒಳಗೆ ಹೋಗುವವರೆಗೆ ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಕಿಟಕಿ ಪಕ್ಕದ ಸೀಟು ಆರಿಸಿಕೊಂಡೆ.